ಎರಡು ಸೈಜ್ ದೊಡ್ಡ ಶೂ

ಹೋದ ಭಾನುವಾರ ಅರ್ಧ ಬೆಟ್ಟದಲ್ಲಿ ನನ್ನ ಮಗಳ ಎಡಗಾಲಿನ ಶೂ ಅವಳನ್ನು ಬಿಟ್ಟು ತಾನೊಂದೇ ಕೆಳಗಿಳಿಯಿತು. ಉರುಳಿಕೊಂಡು, ಬಂಡೆಯಿಂದ ಬಂಡೆಗೆ.

ಕಳಚಿದ್ದರಲ್ಲಿ ಆಶ್ಚರ್ಯವೇನಿಲ್ಲ. ಶೂ ಎರಡು ಸೈಜ್ ದೊಡ್ಡದು. ಮುಂದೆ ಹತ್ತಿ ತುರುಕಿತ್ತು. ಯಾಕೆ ಅಂತೀರಾ? ಬೆಳೆಯೋ ಮಗು ಅಲ್ವಾ!

ನಮ್ಮ ಯಜಮಾನರ ಆಫೀಸಿನ ನಾಲ್ಕು ಫ್ಯಾಮಿಲಿ ಸೇರಿ ಮಾಗಡಿ ಕಡೆ ಟೆಂಟ್ ಹಾಕೋದು, ಬೆಳಗ್ಗೆ ಬೆಟ್ಟ ಹತ್ತೋದು ಅಂತ ಪ್ಲಾನ್. ಏಳು ವರ್ಷದ ನಮ್ಮ ಚಿನ್ನು ಕೆ.ಆರ್. ಪುರದ ನಮ್ಮ ಬೀದೀಲಿ ಸಿಕ್ಕಸಿಕ್ಕವರಿಗೆಲ್ಲ "ಆಂಟಿ, ನಾನು ತುದೀವರ್ಗೂ ಹತ್ತೀನಿ" ಅಂತ ಡಂಗುರ ಸಾರಿದ್ದಳು.

ಶಾಪಿಂಗ್ ಶಿವಾಜಿನಗರದಲ್ಲಿ. ಅಪ್ಪ, ಮಗಳು, ಜೊತೆಗೆ ನಮ್ಮ ಅತ್ತೆ. (ಆ ದಿನ ನನಗೆ ರಜ ಸಿಗಲಿಲ್ಲ. ಸಿಕ್ಕಿದ್ದರೆ ಈ ವಾರ ಬೇರೆ ಏನೋ ಬರೀತಿದ್ದೆ.) ಯಜಮಾನರು ತಮ್ಮ ಶೂ ಆರಿಸಿದ ಚಂದ ಮಗಳ ಬಾಯಲ್ಲೇ ಕೇಳಬೇಕು. ಹಾಕಿ, ಬಿಚ್ಚಿ, ಕುಣಿದು, ಅಂಗಡಿ ಉದ್ದಕ್ಕೂ ನಡೆದು ನೋಡಿದರಂತೆ. ಮಗಳ ಸರದಿ ಬಂದಾಗ? "ಎರಡು ಸೈಜ್ ದೊಡ್ಡದೇ ಕೊಡಪ್ಪ" ಅಂದರು ಅತ್ತೆ. "ಹೌದಮ್ಮಾ, ಬಚ್ಚಾ ಬೆಳೀತದೆ" ಅಂತ ಅಂಗಡಿ ಸಾಹೇಬರೂ ತಾಳ ಹಾಕಿದರು. ಮುಗೀತು! ರೇನ್‌ಕೋಟೂ ಹಾಗೇ. ತೋಳಿನೊಳಗೆ ಕೈ ಎಲ್ಲಿದೆ ಅಂತ ಹುಡುಕಬೇಕು. ಸ್ಲೀಪಿಂಗ್ ಬ್ಯಾಗಿನಲ್ಲಂತೂ ಇನ್ನೊಂದು ಮಗು ಹಿಡಿಸುತ್ತೆ.

"ಇದೇನ್ರೀ, ಕಾಲು ಒಳಗೆ ಈಜಾಡ್ತಿದೆ!" ಅಂದೆ.

"ದಪ್ಪ ಸಾಕ್ಸ್ ಹಾಕು, ಅಡ್ಜಸ್ಟ್ ಆಗುತ್ತೆ" ಅಂದರು.

ಅಲ್ಲ ಸ್ವಾಮಿ, ಬೆಟ್ಟ ಅಡ್ಜಸ್ಟ್ ಮಾಡ್ಕೊಳ್ಳುತ್ತಾ? ಸ್ಕೂಲ್ ಯೂನಿಫಾರಂ ದೊಡ್ಡದು ಹೊಲಿಸಿ ವರ್ಷ ವರ್ಷ ಅಂಚು ಬಿಚ್ಚೋಣ, ಒಪ್ಪಿದೆ. ಬಂಡೆ ಮೇಲೆ ಕಾಲು ಜಾರಿದರೆ ಯಾವ ಅಂಚು ಬಿಚ್ಚೋದು? ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಲಿ, ಹಿಮ್ಮಡಿ ಅಲುಗಾಡಬಾರದು. ಹೊರಡೋಕೆ ಮುಂಚೆ ಒಂದು ವಾರ ಮನೇಲೇ ಹಾಕಿಸಿ ಓಡಾಡಿಸಬೇಕು. ಇದಕ್ಕೇನು ಪಿಎಚ್‌ಡಿ ಮಾಡಬೇಕಾ?

ಬೆಟ್ಟದಲ್ಲಿ ಶೂ ಉರುಳೋ ಹೊತ್ತಿಗೆ ಚಿನ್ನು ಹಿಮ್ಮಡಿಯ ಬೊಬ್ಬೆ ಒಡೆದು ಸಾಕ್ಸ್ ಕೆಂಪಾಗಿತ್ತು. ಆದರೂ ಬರಿಗಾಲಲ್ಲೇ ಹತ್ತೀನಿ ಅಂತ ಹಠ. ಒಂದಷ್ಟು ದೂರ ಕುಂಟಿದಳು, ಆಗಲಿಲ್ಲ. ಎತ್ತಿಕೊಂಡು ಇಳಿದೆ. (ಶೂ ಕೆಳಗೆ ಸಿಕ್ಕಿತು, ನಮ್ಮ ಗ್ರಹಚಾರ.) ನೋವಿಗೆ ಅಳಲಿಲ್ಲ ಅವಳು. ಬೇರೆ ಮಕ್ಕಳು ತುದಿಯಿಂದ ಕೂಗೋದು ಕೇಳಿಸಿದಾಗ ಅತ್ತಳು. ಆ ಹೊತ್ತಿಗೆ ಸರಿಯಾಗಿ ಮೇಲಿಂದ ಇಳಿದು ಬಂದ ಯಜಮಾನರು, "ವ್ಯೂ ಸೂಪರ್ ಕಣೇ, ರೋಲ್ ಪೂರ್ತಿ ಮುಗಿಸ್ಬಿಟ್ಟೆ" ಅಂತ ಕ್ಯಾಮೆರಾ ತೋರಿಸಿದರು. ನಾನು ಏನಂದೆ ಅಂತ ಇಲ್ಲಿ ಬರೆಯೋ ಹಾಗಿಲ್ಲ.

ಮನೆಗೆ ಬಂದಮೇಲೆ ಅತ್ತೆ ಆ ಶೂ ಒರೆಸಿ ಅಟ್ಟದ ಮೇಲಿಟ್ಟರು. "ಹೋಗ್ಲಿ ಬಿಡಮ್ಮ, ಇನ್ನೆರಡು ವರ್ಷಕ್ಕೆ ಸರಿಹೋಗುತ್ತೆ. ಬೆಟ್ಟ ಎಲ್ಲಿಗೆ ಹೋಗುತ್ತೆ?"

ಬೆಟ್ಟ ಎಲ್ಲಿಗೂ ಹೋಗಲ್ಲ, ನಿಜ. ನನ್ನ ಮಗಳ ಏಳನೇ ವರ್ಷ ಹಾಗೇ ಕಾದುಕೊಂಡು ಕೂತಿರುತ್ತಾ?