ಕೊರಗಪ್ಪನವರ ಹಳೆಯ ವಿಳಾಸ

ಮುಂಬಯಿಯ ಭಾಂಡುಪಿನಲ್ಲಿ ನಾನಿರುವ ಮನೆಯ ಪಕ್ಕದಲ್ಲೇ ನನ್ನದೊಂದು ಒಂಟಿ ರೂಮು ಇದೆ, ಬಾಡಿಗೆಗೆ ಕೊಡುತ್ತೇನೆ. ಹಿಂದೆ ಇದ್ದವನು ಹೇಳದೆ ಕೇಳದೆ ಬೀಗ ಜಡಿದು ಹೋದ. ಅದನ್ನು ತೆಗೆಸಲು ಎರಡು ತಿಂಗಳು ಪೊಲೀಸ್ ಸ್ಟೇಷನ್ನಿಗೆ ಅಲೆದೆ. ಅಂದಿನಿಂದ ಹಿಂದೆ ಇದ್ದ ಮನೆಯ ಮಾಲೀಕರ ಫೋನ್ ನಂಬರ್ ಕೊಡದವರಿಗೆ ನಾನು ಕೀ ಕೊಡುವುದಿಲ್ಲ. ಮಗಳು ಹರಿಣಿ ನನ್ನನ್ನು ಇನ್ಸ್‌ಪೆಕ್ಟರ್ ಎನ್ನುತ್ತಾಳೆ. ಎನ್ನಲಿ.

ಕೊರಗಪ್ಪ ಬಂದದ್ದು ಒಂದು ಗುರುವಾರ ಮಧ್ಯಾಹ್ನ. ಅರವತ್ತರ ಪ್ರಾಯ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಕುರ್ಚಿಯ ತುದಿಯಲ್ಲಿ ಕೂತರು. ನಾನು ಊರು ಕೇಳಿದೆ, ಮನೆಯ ಹೆಸರು ಕೇಳಿದೆ, ಹೆಂಡತಿಯ ತವರು ಕೇಳಿದೆ. ನಮ್ಮ ಕರಾವಳಿಯವರಲ್ಲಿ ಮೂರನೆಯ ಪ್ರಶ್ನೆಗೆ ನೆಂಟಸ್ತಿಕೆ ಹೊರಡುತ್ತದೆ. ಹೊರಟಿತು ಕೂಡ: ಅವರ ಹೆಂಡತಿ ರಾಜೀವಿ ನನ್ನ ಅತ್ತೆಯ ಊರಿನವರು.

"ಮುಂಬಯಿಯಲ್ಲಿ ಇಷ್ಟು ವರ್ಷ ಎಲ್ಲಿದ್ರಿ? ಅಲ್ಲಿಯ ಮಾಲೀಕರ ನಂಬರ್ ಕೊಡಿ."

ಅವರು ನೆಲ ನೋಡಿದರು. ನಲವತ್ತೆರಡು ವರ್ಷದಿಂದ ಮುಂಬಯಿಯಲ್ಲಿದ್ದೇನೆ ಎಂದವರಿಗೆ ತೋರಿಸಲು ಒಂದು ವಿಳಾಸವಿಲ್ಲ. ಊರಲ್ಲೊಬ್ಬಳು, ಇಲ್ಲೊಬ್ಬಳು ಎಂದು ಎರಡು ಸಂಸಾರ ಮಾಡಿದ ಗಂಡಸರನ್ನು ನಾನು ಕಂಡಿದ್ದೇನೆ. ಇವರೂ ಅದೇ ಜಾತಿ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟೆ.

"ಕೆಲ್ಸ ಮಾಡುವ ಹೋಟೆಲಲ್ಲೇ ಇದ್ದದ್ದು ಅಕ್ಕ," ಎಂದರು. "ಶಟರ್ ಎಳೆದ ಮೇಲೆ ಎರಡು ಟೇಬಲ್ ಜೋಡಿಸಿ ಮಲಗುದು. ಆರು ಹೋಟೆಲ್ ಆಯ್ತು. ಈಗ ಅದ್ರಲ್ಲಿ ಒಂದೂ ಇಲ್ಲ. ಯಾರ ನಂಬರ್ ಕೊಡ್ಲಿ?"

ಆಮೇಲೆ ತಾವಾಗಿಯೇ ಮಾತಾಡುತ್ತ ಹೋದರು. ದೋಸೆ ಹಿಟ್ಟು ಹುಳಿಬರುವ ವಾಸನೆ. ಶಟರಿನ ಸಂದಿಯಿಂದ ಛಾವಣಿಯ ಮೇಲೆ ಬೀಳುವ ಬೀದಿ ದೀಪದ ಗೆರೆ. ಬಸ್ಸು ಹೋದಾಗಲೆಲ್ಲ ಆ ಬೆಳಕು ನಿಧಾನವಾಗಿ ತೇಲಿ ಮತ್ತೆ ನಿಲ್ಲುವುದು. ಆ ಬೆಳಕಿನಲ್ಲಿ ಅವರು ಮನಸ್ಸಿನಲ್ಲೇ ಒಂದು ಮನೆ ಕಟ್ಟುತ್ತಿದ್ದರಂತೆ: ಇಲ್ಲಿ ಸ್ಟವ್, ಅಲ್ಲಿ ಕಿಟಕಿ, ಕಿಟಕಿಯ ಬಳಿ ತಲೆ ಬಾಚುವ ರಾಜೀವಿ. ಮದುವೆಯಾಗಿ ಮೂವತ್ತೊಂದು ವರ್ಷ. ಜೊತೆಗಿದ್ದದ್ದು ವರ್ಷಕ್ಕೊಂದು ತಿಂಗಳ ರಜೆಯಲ್ಲಿ ಮಾತ್ರ. ನನ್ನ ಫ್ಯಾನು ತಿರುಗುತ್ತಿತ್ತು, ದೂರದಲ್ಲಿ ಲೋಕಲ್ ರೈಲು ಹಾದುಹೋಯಿತು. ನಾನೂ ಅರೆಗಣ್ಣಲ್ಲಿ ಆ ಛಾವಣಿಯನ್ನೇ ನೋಡುತ್ತಿದ್ದೆ. ರಾಜೀವಿಯ ಹೆರಳು ಕೂಡ ಕಂಡಂತಾಯಿತು.

"ಆದಿತ್ಯವಾರ ಅವಳು ಬರ್ತಾಳೆ," ಎಂದರು. "ಇನ್ನು ಇಲ್ಲೇ ಇರ್ಲಿಕ್ಕೆ. ಸ್ಟೇಷನ್ನಿಂದ ಎಲ್ಲಿಗೆ ಕರ್ಕೊಂಡು ಹೋಗುದು ಅಂತ್ಲೇ ಗೊತ್ತಾಗುದಿಲ್ಲ. ಮೂರು ಕಡೆ ಇಲ್ಲ ಅಂದ್ರು."

ನನಗೆ ಎಚ್ಚರವಾಯಿತು. ಕನಸು ಚೆನ್ನಾಗಿದೆಯೆಂದು ಕೀ ಕೊಡಲಾಗುತ್ತದೆಯೇ? "ಮೊದಲು ರೂಮು ನೋಡಿ, ಮತ್ತೆ ಹೇಳ್ತೇನೆ," ಎಂದು ಎದ್ದೆ.

ಚಪ್ಪಲಿ ಹೊರಗೆ ಬಿಟ್ಟು ಒಳಬಂದರು. ಖಾಲಿ ರೂಮಿನ ನಡುವೆ ನಿಂತು ಸುಮ್ಮನೆ ಸುತ್ತ ನೋಡಿದರು. ಬಾಡಿಗೆ ಎಷ್ಟು, ನೀರು ಯಾವಾಗ ಎಂದು ಎಲ್ಲರೂ ಕೇಳುವುದನ್ನು ಅವರು ಕೇಳಲೇ ಇಲ್ಲ.

"ಅಕ್ಕ, ಇಲ್ಲಿ ಎಷ್ಟು ಗಂಟೆಗೆ ಏಳ್ಬೇಕು?"

"ಏಳುದಾ? ಎಂತಕ್ಕೆ?"

"ಅಲ್ಲಿ ನಾಲ್ಕೂವರೆಗೆ ಟೇಬಲ್ ಬಿಟ್ಟು ಕೊಡ್ಬೇಕಿತ್ತು. ಜ್ವರ ಬಂದ್ರೂ."

ನಾನು ಅನುಮಾನಪಟ್ಟದ್ದು ನೆನಪಾಗಿ ಮುಖ ಬಿಸಿಯಾಯಿತು.

"ಎಚ್ಚರ ಆದಾಗ ಎದ್ರೆ ಆಯ್ತು," ಎಂದೆ.

ಅವರಿಗೆ ನಂಬಿಕೆ ಬರಲಿಲ್ಲ. ಮೆಲ್ಲಗೆ, "ಇಬ್ರಿಗೂ ಹಾಗೆಯಾ?" ಎಂದು ಕೇಳಿದರು.

ಕೀಯನ್ನು ಅವರ ಅಂಗೈಯಲ್ಲಿಟ್ಟು, "ಇಬ್ರಿಗೂ," ಎಂದೆ.