ಸಲೈನ್ ಬಾಟಲಿಗೆ ನೆದರು ತೆಗೆದದ್ದು

ಆಗೆಲ್ಲ ನಮ್ಮ ಮನೆಯಲ್ಲಿ ಹೊಟ್ಟೆನೋವಿಗೆ ಕಾರಣ ಹುಡುಕುವ ಕೆಲಸವೇ ಇರಲಿಲ್ಲ. ಯಾರದೋ ಕಣ್ಣು ಬಿದ್ದಿರುತ್ತಿತ್ತು, ಅಷ್ಟೆ. ಬ್ಯಾಂಕಿನಲ್ಲಿದ್ದ ಅಪ್ಪನಿಗೆ ನಾಸಿಕಕ್ಕೆ ವರ್ಗವಾದಾಗ ಅವ್ವ ಕಲಬುರಗಿಯಿಂದ ರೊಟ್ಟಿ ಹಂಚಿನ ಜೊತೆ ಈ ನಂಬಿಕೆಯನ್ನೂ ಕಟ್ಟಿಕೊಂಡು ಬಂದಿದ್ದಳು.

ನಾನು ಮೂರನೆಯ ಇಯತ್ತೆಯಲ್ಲಿದ್ದ ಶ್ರಾವಣವದು. ಪಂಚವಟಿಯ ಮನೆಯ ಹೊಸ್ತಿಲಲ್ಲಿ ಕೂತು, ಓಣಿಯ ಹುಡುಗಿಯರೆಲ್ಲ ನೋಡುತ್ತಿರಲು, ತುಪ್ಪ ಸುರಿದ ಹೋಳಿಗೆ ತಿಂದೆ. ಕೈ ತೊಳೆದು ಅವರ ಜೊತೆ ಕುಂಟಾಟವನ್ನೂ ಆಡಿದೆ. ಸಂಜೆಗೆ ಹೊಕ್ಕುಳ ಸುತ್ತ ನೋವು. ಮರುದಿನ ಅದು ಬಲಗಡೆ ಇಳಿದು ಕೂತಿತು.

“ಎಲ್ಲಾರ ಎದುರಿಗಿ ತಿನ್ನಬ್ಯಾಡ ಅಂದ್ರ ಕೇಳ್ತಿ ಏನು? ನೆದರ ಆಗ್ಯಾದ.”

ಅವ್ವ ಉಪ್ಪು, ಮೆಣಸಿನಕಾಯಿ ಹಿಡಿದು, ಬಾಯೊಳಗೇ ಏನೋ ಅನ್ನುತ್ತ ನನಗೆ ನೀವಾಳಿಸಿ ಕಾದ ಹಂಚಿಗೆ ಹಾಕಿದಳು. ಘಾಟು ಬರಲಿಲ್ಲ. ಅಂದರೆ ದೃಷ್ಟಿ ತಾಕಿದ್ದು ಖರೆ! ಅಷ್ಟರಲ್ಲಿ ನನ್ನ ನೋವೂ ಫಕ್ಕನೆ ನಿಂತುಬಿಟ್ಟಿತು. ನನ್ನನ್ನು ದವಾಖಾನೆಗೆ ಒಯ್ಯಲು ಹೊರಟಿದ್ದ ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದರು.

ನೋವು ನಿಂತದ್ದು ಅಪೆಂಡಿಕ್ಸ್ ಒಡೆದದ್ದಕ್ಕೆ. ಮರುದಿನ ಮೈ ಕೆಂಡವಾಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮರಾಠಿಯಲ್ಲಿ ಹೇಳಿದ್ದನ್ನು ಅಪ್ಪ ಅವ್ವನಿಗೆ ತಿಳಿಸಿದರು: “ಒಳಗ ಕೀವು ಕಟ್ಯಾದಂತ. ಈಗೇ ಕೊಯ್ಯೂದು ಬ್ಯಾಡ, ಮೊದಲ ಆಂಟಿಬಯೋಟಿಕ್ ಕೊಟ್ಟು ನೋಡ್ತಾರಂತ. ಜ್ವರ ಇಳೀಬೇಕು.”

“ಇಳೀಲಿಲ್ಲ ಅಂದ್ರ ಏನ್ರೀ?”

ಅಪ್ಪ ನನಗೆ ಹಚ್ಚಿದ್ದ ಸಲೈನ್ ಬಾಟಲಿಯನ್ನೇ ನೋಡಿದರು. ಅವ್ವ ಸೆರಗಿನ ಗಂಟು ಬಿಚ್ಚಿ ಉಪ್ಪು ತೆಗೆದಳು. ಈ ಸಲ ನೀವಾಳಿಸಿದ್ದು ನನಗಲ್ಲ, ಬಾಟಲಿಗೆ!

“ಬಂದಾವ್ರೆಲ್ಲ ಇದನ್ನೇ ನೋಡ್ಲತ್ತಾರ. ಔಷಧಕ್ಕ ನೆದರ ತಾಕಬಾರದು.”

ಬಾಗಿಲಲ್ಲಿ ಡಾಕ್ಟರಮ್ಮ ನಿಂತಿದ್ದರು. ಬೈಯುತ್ತಾರೆಂದು ನಾನು ಕಣ್ಣು ಮುಚ್ಚಿದೆ. “ಝಾಲಂ ಕಾ ತಾಈ?” ಮುಗಿಯಿತೇ ಅಕ್ಕಾ ಎಂದು ಕೇಳಿ, ಅವ್ವ ತಲೆಯಾಡಿಸಿದ ಮೇಲೆ ನನ್ನ ಹೊಟ್ಟೆ ಮುಟ್ಟಿ ನೋಡಿದರು. ಎಂಥ ದೊಡ್ಡ ಮನಸ್ಸು ಆಕೆಯದು!

ಜ್ವರ ನಿಧಾನಕ್ಕೆ ಇಳಿಯಿತು. ಮೊದಲ ಚಮಚ ಗಂಜಿ ಹೋಳಿಗೆಗಿಂತ ರುಚಿಯಾಗಿತ್ತು. ಕೆಲವು ತಿಂಗಳ ಮೇಲೆ ಆ ಹಾಳು ಅಪೆಂಡಿಕ್ಸನ್ನೂ ತೆಗೆದರು. ಅಂದಿನಿಂದ ಅವ್ವನ ಕಾಯಿದೆ ಬದಲಾಯಿತು: “ಮೊದಲ ದವಾಖಾನಿ, ಆಮ್ಯಾಲ ಉಪ್ಪು.”

ಅವ್ವ ಈಗಿಲ್ಲ. ನಾನಿರುವುದು ಸಂಭಾಜಿನಗರದಲ್ಲಿ. ಮೊನ್ನೆ ಮಗಳಿಗೆ ಜ್ವರ ಏರಿದಾಗ, ಅವ್ವನ ಕಾಯಿದೆಯಂತೆ ಮೊದಲು ಆಸ್ಪತ್ರೆಗೇ ಓಡಿದೆ. ಸಲೈನ್ ಹಚ್ಚಿದರು. ಮಗಳ ಹಣೆ ತಣ್ಣಗಾಗತೊಡಗಿದ ಮೇಲೆ, ಯಾರೂ ಇಲ್ಲದ್ದು ನೋಡಿ, ಮುಷ್ಟಿಯಲ್ಲಿ ಉಪ್ಪು ಹಿಡಿದು ಬಾಟಲಿಗೆ ನೀವಾಳಿಸಿದೆ. ಬಾಯೊಳಗೆ ಅವ್ವ ಏನನ್ನುತ್ತಿದ್ದಳೋ, ನಾನು ಕೇಳಿಟ್ಟುಕೊಂಡಿರಲಿಲ್ಲ. ‘ಅವ್ವಾ, ಅವ್ವಾ’ ಎಂದಷ್ಟೇ ಅಂದೆ.