ಇಳಿಸದೆ ಬಿಟ್ಟ ತೂಕ

ವಿದ್ಯಾನಗರದ ನಮ್ಮ ಪ್ರಯೋಗಾಲಯದ ಸಹಾಯಕರು ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರುತ್ತಿದ್ದರು. ಲೋಹದ ಪಟ್ಟಿಗೆ ತೂಕ ನೇತುಹಾಕಿ, ಅದು ತಿಂಗಳುಗಟ್ಟಲೆ ಎಷ್ಟು ಜಗ್ಗುತ್ತದೆಂದು ಅಳೆಯುವುದು ನನ್ನ ಪಿಎಚ್‌ಡಿ ಕೆಲಸ. ಯಾರಾದರೂ ಹತ್ತಿರ ಜೋರಾಗಿ ನಡೆದರೆ ಸಹಾಯಕರು ಬೆರಳೆತ್ತಿ, "ಸಾವಕಾಶ್ರೀ, ಅದಕ್ಕ ಗೊತ್ತಾಗ್ತೈತಿ" ಎನ್ನುತ್ತಿದ್ದರು.

ಕಾದು ಕಾದು ಬೇಸತ್ತು, ಒಂದು ದಿನ ನಾನು ಯಾರಿಗೂ ಹೇಳದೆ ಆ ಕೆಲಸ ಬಿಟ್ಟುಹೋದೆ. ಹತ್ತು ತಿಂಗಳ ನಂತರ, ನೋಂದಣಿ ರದ್ದುಮಾಡುವ ಅರ್ಜಿಗೆ ಪ್ರಯೋಗಾಲಯದ ಸಹಿ ಬೇಕೆಂದು ಹೋದೆ. ತೂಕ ಇನ್ನೂ ಪಟ್ಟಿಗೇ ನೇತುಕೊಂಡಿತ್ತು. ಸಹಾಯಕರು ಖುಷಿಯಿಂದ ಅಳತೆಯ ವಹಿ ತೆರೆದರು. ದಿನದಿನದ ಅಳತೆಯೂ ಅವರ ದುಂಡು ಅಕ್ಷರದಲ್ಲಿತ್ತು, ರವಿವಾರದ್ದು ಕೂಡ.

"ಒಂದ ದಿನಾನೂ ತಪ್ಪಿಸಿಲ್ರೀ ಮೇಡಂ. ಇನ್ನ ನೀವು ಬರಿಯೂದಷ್ಟ ಉಳದೈತಿ."

ನಾನು ಅರ್ಜಿ ಚಾಚಿದೆ. ಅವರು ಓದಿ ಸಹಿಗೆ ಕಳಿಸಿದರು. ಆಮೇಲೆ, ಯಾರಿಗೂ ಬೇಡವಾದ ಆ ಪಟ್ಟಿ ಅಲುಗದಂತೆ, ತೂಕಗಳನ್ನು ಸಾವಕಾಶವಾಗಿ ಒಂದೊಂದೇ ಇಳಿಸತೊಡಗಿದರು.